ರಾಮೆನ್ ಬಟ್ಟಲಲ್ಲಿ ಅವ್ವನ ಕರ್ಮೀನು

ನಿನ್ನೆ ಮಗಳು ರಾಮೆನ್ ತಿನ್ನಲೇಬೇಕು ಅಂತ ಹಟ ಹಿಡಿದಳು. ಪಿಯುಸಿ ಓದ್ತಿದಾಳೆ, ನರುಟೊ ನೋಡಿ ನೋಡಿ ಈ ಜಪಾನಿ ನೂಡಲ್ಸ್ ಹುಚ್ಚು. ಬೆಂಗಳೂರಿನ ನಮ್ಮ ಏರಿಯಾದಲ್ಲೇ ಒಂದು ಸಣ್ಣ ನೂಡಲ್ಸ್ ಅಂಗಡಿ ಇದೆ, ಹೋದೆವು. ಸೀಫುಡ್ ರಾಮೆನ್, ಬಟ್ಟಲಿಗೆ 420 ರೂಪಾಯಿ.

ಸಿಗಡಿ, ಅರೆಬೆಂದ ಮೊಟ್ಟೆ, ಮೇಲೆ ಕಪ್ಪು ಕಾಗದದಂಥ ಕಡಲಪಾಚಿ. ಹಬೆ ಮೂಗಿಗೆ ಬಡಿಯಿತು ನೋಡಿ, ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಇದು ನಮ್ಮವ್ವನ ಕರ್ಮೀನು ಸಾರಿನ ವಾಸನೆ!

ಅಂಗಡಿ ಹುಡುಗನನ್ನು ಕೇಳಿದೆ. "ಒಣಮೀನು ಕುದಿಸಿ ಸೋಸಿದ ನೀರು ಸಾರ್, ಇದರ ಜೀವಾನೇ ಅದು" ಅಂದ. ಜಪಾನಿನವರು ಅದನ್ನು ದಾಶಿ ಅಂತಾರೆ. 1908ರಲ್ಲಿ ಕಿಕುನೆ ಇಕೆಡಾ ಎಂಬ ವಿಜ್ಞಾನಿ ಕಡಲಪಾಚಿಯ ದಾಶಿಗೆ ಆ ರುಚಿ ಎಲ್ಲಿಂದ ಬಂತು ಅಂತ ಹುಡುಕಿ ಅದಕ್ಕೆ 'ಉಮಾಮಿ' ಅಂತ ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಒಣಮೀನಿನಲ್ಲೂ ಉಮಾಮಿಯ ಅಂಶ ಕಂಡುಹಿಡಿದರು. ಅವರ ಒಣಮೀನು ಪ್ರಯೋಗಾಲಯಕ್ಕೆ ಹೋಯಿತು. ನಮ್ಮ ಒಣಮೀನಿಗೆ ಜನ ಮೂಗು ಮುಚ್ಚಿಕೊಂಡರು.

ಮಗಳು ಕೈಕೂಸಾಗಿದ್ದಾಗಿನ ಮಾತು. ಇದೇ ಬೆಂಗಳೂರಲ್ಲಿ ಬಾಡಿಗೆ ಮನೆ. ಊರಿಂದ ಬಂದಿದ್ದ ಅವ್ವ ಬದನೆಕಾಯಿ ಹಾಕಿ ಕರ್ಮೀನು ಸಾರು ಮಾಡಿದಳು. ಸಂಜೆ ಮನೆ ಓನರ್ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ನೀವು ಯಾವ ಜನ?" ಒಂದು ತಿಂಗಳಲ್ಲಿ ಮನೆ ಖಾಲಿ. ಆಮೇಲೆ ಅವ್ವ ನಮ್ಮನೆಗೆ ಎಷ್ಟೋ ಸಲ ಬಂದಳು, ಕರ್ಮೀನು ಮಾತ್ರ ತರಲಿಲ್ಲ. ಈಗ ಅವ್ವನೂ ಇಲ್ಲ.

ಮಗಳು ಬಟ್ಟಲೆತ್ತಿ ಸಾರು ಕುಡೀತಾ "ಅಪ್ಪಾ, ಸೂಪರ್!" ಅಂದಳು.

"ನಿಮ್ಮಜ್ಜಿ ಮಾಡ್ತಿದ್ದ ಸಾರಿನದ್ದೂ ಇದೇ ಘಮ ಕಣವ್ವ."

"ಮತ್ತೆ ನಮ್ಮನೇಲಿ ಯಾಕೆ ಮಾಡಲ್ಲ?"

ಉತ್ತರ ಹೊಳೆಯಲಿಲ್ಲ ಗೆಳೆಯರೇ. 2024ರ ಡಿಸೆಂಬರ್‌ನಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ನಿಮ್ಮ ಜೊತೆ ದನಿ ಎತ್ತಿದವನು ನಾನು. ಆಹಾರ ನಮ್ಮ ಹಕ್ಕು ಅಂತ ಎಷ್ಟು ವೇದಿಕೆಯಲ್ಲಿ ಭಾಷಣ ಮಾಡಿದೀನಿ. ಅದೇ ನಾನು ಮನೇಲಿ ಮೀನು ಹುರಿಯೋವಾಗ ಎದ್ದು ಹೋಗಿ ಕಿಟಕಿ ಮುಚ್ತೀನಿ. ಕರ್ಮೀನಂತೂ ಅಂದಿನಿಂದ ನಮ್ಮ ಒಲೆ ಹತ್ತಿಲ್ಲ. ಆ ಓನರ್ ನಮ್ಮನ್ನ ಮನೆಯಿಂದ ಕಳಿಸಿದ್ರು. ಅಡುಗೆಮನೆಯಿಂದ ಅವ್ವನ ಸಾರನ್ನ ಕಳಿಸಿದವನು ನಾನೇ.

ರಾಮೆನ್ ಮೇಲೆ ನಂಗೇನೂ ಸಿಟ್ಟಿಲ್ಲ. ಚೆನ್ನಾಗಿತ್ತು, ತಳದವರೆಗೂ ಕುಡಿದೆ. ವಾಸನೆಗೆ ಜಾತಿ ಇಲ್ಲ, ಮೂಸೋ ಮೂಗಿಗಿದೆ ಅಷ್ಟೇ.

ಈ ಭಾನುವಾರ ಕರ್ಮೀನು ತರ್ತೀನಿ. ಬದನೆಕಾಯಿ ಹಾಕಿ, ಅವ್ವ ಮಾಡ್ತಿದ್ದ ಹಾಗೇ. ಕಿಟಕಿ ತೆಗೆದೇ ಇರುತ್ತೆ. ಈಗಲೂ ಬಾಡಿಗೆ ಮನೆಯೇ, ಖಾಲಿ ಮಾಡಿ ಅಂದ್ರೆ ಮನೆ ಹುಡುಕೋಕೆ ನೀವೆಲ್ಲ ಬರಬೇಕು. ಅನ್ನಲಿಲ್ಲ ಅಂದ್ರೆ ಊಟಕ್ಕೆ ಬನ್ನಿ.

ಜೈ ಭೀಮ್.