ಹರಿಗೋಲಿನಾಚೆಯ ಕೇರಿ: ಆನೆಗುಂದಿಯಲ್ಲೊಂದು ನಡಿಗೆ

ಬುಕ್ಕರಾಯನ ಕಾಲದ ಕ್ರಿ.ಶ. 1368ರ ಶಾಸನವನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಒಂದಲ್ಲ ಒಂದು ತರಗತಿಯಲ್ಲಿ ಓದಿರುತ್ತಾರೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯ, ಅರಸನು ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿರಿಸಿದ್ದು, ಜೈನದರ್ಶನಕ್ಕೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಹಿಂದಿನಂತೆಯೇ ಸಲ್ಲಬೇಕೆಂದು ಕಟ್ಟುಮಾಡಿದ್ದು: ಇವೆಲ್ಲ ಪರೀಕ್ಷೆಯ ಉತ್ತರಗಳಲ್ಲಿ ಸವೆದು ನುಣುಪಾದ ಸಂಗತಿಗಳು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಈ ಶಾಸನದ ಮತ್ತೊಂದು ಪ್ರತಿ ಮಾಗಡಿ ಸೀಮೆಯ ಕಲ್ಯದಲ್ಲಿಯೂ ಇದೆ. ಧಾರ್ಮಿಕ ಸಾಮರಸ್ಯದ ಉದಾಹರಣೆಯಾಗಿ ಅದನ್ನು ಎತ್ತಿ ಹೇಳುವಾಗ ನಾವು ಒಂದು ಸಾಲನ್ನು ದಾಟಿಕೊಂಡು ಹೋಗುತ್ತೇವೆ. ಮೊರೆಯಿಟ್ಟ ಜೈನರು ಯಾವ ಸ್ಥಳದವರು? ಆ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಆನೆಗೊಂದಿ. ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳು ಅದರ ಅನಂತರ ಬರುತ್ತವೆ.

ಅದೇ ಶಾಸನದ ಇನ್ನೊಂದು ವಿವರ ನನಗೆ ಇದಕ್ಕಿಂತಲೂ ಬೆಲೆಯುಳ್ಳದ್ದೆಂದು ತೋರುತ್ತದೆ. ಜೈನರ ಒಂದೊಂದು ಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನಿಲ್ಲಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಮನೆಯೆಣಿಸಿ ಹಣವೆತ್ತಬೇಕಾದರೆ ಮನೆಗಳು ಎಲ್ಲಿವೆ, ಎಷ್ಟಿವೆ ಎಂಬುದು ಯಾರಿಗಾದರೂ ತಿಳಿದಿರಲೇಬೇಕು. ಎಂದರೆ ಆನೆಗೊಂದಿಯಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಎಣಿಸಬಹುದಾದ ಒಂದು ಕೇರಿಯಿತ್ತು. ಆ ಕೇರಿ ಯಾವ ದಿಕ್ಕಿನಲ್ಲಿದ್ದೀತು ಎಂಬ ಕುತೂಹಲವೇ ಕಳೆದ ಮಾರ್ಗಶಿರದಲ್ಲಿ ನನ್ನನ್ನೂ ನಾಲ್ವರು ಸಂಶೋಧನ ವಿದ್ಯಾರ್ಥಿಗಳನ್ನೂ ತುಂಗಭದ್ರೆಯ ದಡಕ್ಕೆ ಕರೆದೊಯ್ದಿತು.

ನಾವು ತಂಗಿದ್ದುದು ತೆಕ್ಕಲಕೋಟೆಯಲ್ಲಿ, ವಿದ್ಯಾರ್ಥಿನಿಯೊಬ್ಬಳ ತವರುಮನೆಯಲ್ಲಿ. ಹಂಪಿಗೆ ಹೋಗುವವರು ಹೊಸಪೇಟೆಯಲ್ಲಿ ಇಳಿಯುವುದು ರೂಢಿ. ಸಿರುಗುಪ್ಪದ ಕಡೆಯಿಂದ ಹೊರಟವರು ಕಡಿಮೆ. ಆದರೆ ಹೀಗೆ ಹೊರಟದ್ದರಿಂದ ಒಂದು ಲಾಭವಾಯಿತು. ತೆಕ್ಕಲಕೋಟೆಯ ಬೆಟ್ಟದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿ, ಬಂಡೆಗಳ ನಡುವೆ ದುಂಡಾದ ಗುಡಿಸಲುಗಳನ್ನು ಕಟ್ಟಿಕೊಂಡು ಬದುಕಿದ್ದ ನವಶಿಲಾಯುಗದ ಜನರ ನೆಲೆಗಳನ್ನು ಹೊರತೆಗೆದರು. ಮುಂದೆ ರಾಜ್ಯದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿ ವಿಜಯನಗರದ ರಾಜಾಂಗಣದ ಉತ್ಖನನಕ್ಕೆ ಮುಂದಾಳಾದವರೂ ಅವರೇ. ಗುಡಿಸಲಿನ ಗುಳಿಗಳನ್ನು ಎಣಿಸಿದ ಕಣ್ಣು ಅರಮನೆಯ ಅಡಿಪಾಯವನ್ನು ನೋಡಿತು. ಸಿರುಗುಪ್ಪ ತಾಲೂಕಿನ ನಿಟ್ಟೂರು, ಉದೇಗೋಳಗಳ ಅಶೋಕ ಶಾಸನಗಳಲ್ಲಿ ದೊರೆಯ ಹೆಸರೇ ಬರುತ್ತದೆಂಬುದು ಸಂಶೋಧಕರಿಗೆ ಗೊತ್ತು. ಆ ಊರುಗಳ ಬಸ್ಸು ಎಲ್ಲಿ ನಿಲ್ಲುತ್ತದೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕಾಲುವೆಯ ನೀರುಂಡ ಭತ್ತದ ಗದ್ದೆಗಳ ನಡುವೆ ಕುರುಗೋಡನ್ನು ದಾಟಿ ಕಂಪ್ಲಿಗೆ ಬಂದೆವು. ಕುರುಗೋಡು ಸಿಂದರ ರಾಜಧಾನಿ. ಅಲ್ಲಿಯ ಗುಡಿಗಳಿಗಾಗಿ ಬೇರೆಯೇ ಒಂದು ದಿನ ಬೇಕು. ಕಂಪ್ಲಿಯ ಹೆಸರನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು, ಮುಂದೆ ಹೇಮಕೂಟದ ಮಾತು ಬಂದಾಗ ಅದು ಬೇಕಾಗುತ್ತದೆ. ಬುಕ್ಕಸಾಗರದ ಮೇಲಿಂದ ಬಂದು, ಹತ್ತು ಗಂಟೆಯ ಹೊತ್ತಿಗೆ ತಳವಾರಘಟ್ಟದ ಕಲ್ಲಿನ ಬಾಗಿಲನ್ನು ಹಾದು ನದಿಗಿಳಿದೆವು.

ಊರಿನ ಕಾವಲುಗಾರನೇ ತಳವಾರ. ನದಿಯಿಂದ ಬಂದವರು ಈ ಬಾಗಿಲನ್ನು ಹೊಕ್ಕೇ ಪಟ್ಟಣವನ್ನು ಸೇರಬೇಕಿತ್ತು. ಈಗ ಅದರ ಕೆಳಗೆ ಆಟೋಗಳು ಹೋಗುತ್ತವೆ. ದಡದಲ್ಲಿ ಯಂತ್ರದ ದೋಣಿಯೂ ಇತ್ತು, ಹರಿಗೋಲೂ ಇತ್ತು. ವಿದ್ಯಾರ್ಥಿಗಳು ಹರಿಗೋಲನ್ನೇ ಆರಿಸಿಕೊಂಡರು. ಬಿದಿರಿನ ದಬ್ಬೆಗಳನ್ನು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಡಾಂಬರು ಬಳಿದ ದುಂಡನೆಯ ಬುಟ್ಟಿ ಅದು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್ ಬುಟ್ಟಿಯಂತಹ ಇದೇ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ. ದೋಣಿ ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತದೆ ಎಂಬುದು ಅವನ ವಿವರಣೆ. ಐನೂರು ವರ್ಷಗಳಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ ಬಂದಿದೆ, ಅಷ್ಟೆ. ಪಾಯಸ್ ಆನೆಗುಂದಿಯ ಬಗೆಗೂ ಒಂದು ಮಾತು ಹೇಳುತ್ತಾನೆ: ಹಿಂದೆ ಇದೇ ರಾಜಧಾನಿಯಾಗಿತ್ತಂತೆ, ಗೋಡೆಗಳು ಗಟ್ಟಿಯಾಗಿವೆ, ಈಗ ಜನ ಕಡಿಮೆ. ಸಾಮ್ರಾಜ್ಯವು ಉತ್ತುಂಗದಲ್ಲಿದ್ದಾಗಲೇ ಆನೆಗುಂದಿ ಹಳೆಯ ಊರಾಗಿ ಹೋಗಿತ್ತು.

ಹರಿಗೋಲಿನಲ್ಲಿ ಕುಳಿತವರಿಗೆ ಊರು ಒಂದೇ ಕಡೆಯಿಂದ ಕಾಣುವುದಿಲ್ಲ. ಅಂಬಿಗನು ಹುಟ್ಟು ಹಾಕಿದಂತೆಲ್ಲ ತಳವಾರಘಟ್ಟ, ಬಂಡೆಗುಡ್ಡ, ಆನೆಗುಂದಿಯ ದಡ, ಮತ್ತೆ ತಳವಾರಘಟ್ಟ ಎಂದು ಕಣ್ಣ ಮುಂದೆ ತಿರುಗುತ್ತವೆ. ಆ ಸುತ್ತಿನಲ್ಲಿಯೇ ಅರ್ಧಕ್ಕೆ ನಿಂತುಹೋದ ಸೇತುವೆಯೂ ಕಂಡಿತು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಮುಖ್ಯವಾಗಿ ಈ ಭಾಗದ ಸೇತುವೆಗಳ ಕಾಮಗಾರಿಯ ಕಾರಣದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದವು. 2009ರ ಜನವರಿಯಲ್ಲಿ ಸೇತುವೆ ಕುಸಿದು ದುಡಿಯುತ್ತಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪರಂಪರೆಯ ಪರವಾಗಿ ಮಾತನಾಡುವ ನಾವು ಆ ಸೇತುವೆಯನ್ನು ಕಣ್ಣಿನ ಕಸವೆಂದೇ ಬರೆದಿದ್ದೇವೆ. ಅಂಬಿಗನನ್ನು ಕೇಳಿದೆ.

“ಸೇತುವಿ ಆಗಿದ್ರ ನಿಮ್ಮ ಕೆಲಸ ಹೋಗ್ತಿತ್ತಲ್ಲಪ್ಪ?”

“ಹೋಗ್ತಿತ್ರಿ ಸರ. ಆದ್ರ ಮಳಿಗಾಲದಾಗ ಬಸುರಿ ಹೆಣ್ಮಗಳ್ನ ದವಾಖಾನಿಗೆ ಒಯ್ಯಬೇಕಂದ್ರ ಹರಗೋಲು ನಡೆಂಗಿಲ್ರಿ.”

ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕಡೆಬಾಗಿಲಿನ ಬಳಿ ಬುಕ್ಕಸಾಗರದ ಕಡೆಗೆ ಬೇರೊಂದು ಸೇತುವೆಯಾದ ಮೇಲೆ ಊರಿನವರ ಓಡಾಟ ಅತ್ತ ಹರಿದಿದೆ. ಹರಿಗೋಲಿಗೆ ಉಳಿದಿರುವವರು ನಮ್ಮಂಥವರು, ಮತ್ತು ನವವೃಂದಾವನಕ್ಕೆ ಹೋಗುವ ಮಾಧ್ವಯಾತ್ರಿಕರು.

ಆನೆಗುಂದಿಯ ದಡದಲ್ಲಿ ನಮಗಾಗಿ ಕಾದಿದ್ದ ಮಾರ್ಗದರ್ಶಿ ಅದೇ ಊರಿನ ತರುಣ. ಬೆಳಿಗ್ಗೆ ಬಾಳೆತೋಟದ ಕೆಲಸ ಮುಗಿಸಿ ಬಂದಿದ್ದ. ಅವನ ನಡಿಗೆಗೆ ಕಾಲಾನುಕ್ರಮವಿಲ್ಲ, ಮನೆಯ ಅನುಕ್ರಮವಿದೆ. ಇದು ಇಂಥವರ ಮನೆ, ಇದರ ಹಿಂದಿನದು ಹುಚ್ಚಪ್ಪಯ್ಯನ ಮಠ, ಇಲ್ಲಿ ತೇರು ತಿರುಗುವಾಗ ಈ ಕಟ್ಟೆ ತಾಗುತ್ತದೆ, ಹೀಗೆ. ಊರ ನಡುವಿನ ಗಗನಮಹಲಿನ ಎದುರು ಒಣಗಲು ಹಾಕಿದ್ದ ಬಾಳೆಯ ನಾರನ್ನು ದಾಟಿ ರಂಗನಾಥನ ಗುಡಿಗೆ ಹೋದೆವು. ಹುಚ್ಚಪ್ಪಯ್ಯನ ಮಠದ ಕರಿಕಲ್ಲಿನ ನುಣುಪಾದ ಕಂಬಗಳು ವಿಜಯನಗರಕ್ಕಿಂತ ಹಿಂದಿನ ಚಾಲುಕ್ಯರ ಕೆಲಸದ ಮಾದರಿಯವು. ಮೇಲಿನ ಛತ್ತಿನ ವರ್ಣಚಿತ್ರಗಳು ಬಹಳ ಈಚಿನವು. ಒಂದೇ ಸೂರಿನ ಕೆಳಗೆ ಇಷ್ಟು ಶತಮಾನಗಳು ನಿಂತಿರುವುದನ್ನು ಅವನು ವಿವರಿಸಿದ ಬಗೆ ನಮ್ಮ ಯಾವ ಪುಸ್ತಕದಲ್ಲಿಯೂ ಇಲ್ಲ: “ಕಂಬ ಅಜ್ಜಂದು, ಬಣ್ಣ ಮೊಮ್ಮಗಂದು ಸರ.”

ಜೈನರ ಕೇರಿ ಎಲ್ಲಿತ್ತೆಂದು ಕೇಳಿದಾಗ ಅವನು ಯೋಚಿಸದೆ ಹಾಳು ಬಸದಿಯ ಕಡೆಗೆ ನಡೆದ. ಆನೆಗುಂದಿಯಲ್ಲಿ ಬಸದಿಯೊಂದು ಉಳಿದಿದೆ. ಪ್ರವಾಸಿಗರು ಅತ್ತ ಹೋಗುವುದು ಅಪರೂಪ. ಒಳಗೆ ಬಾವಲಿಗಳ ವಾಸನೆ; ಕಲ್ಲುಗಳು ಬರಿಯ ಕಲ್ಲುಗಳಾಗಿ ನಿಂತಿವೆ. ಜೀರ್ಣ ಜಿನಾಲಯಗಳ ಸುಣ್ಣಕ್ಕೆಂದು ಮನೆಗೊಂದು ಹಣವನ್ನು ಎತ್ತುವ ಕಟ್ಟಳೆಗೆ ಒಪ್ಪಿದ ಊರು ಇದು; ಈ ಗೋಡೆ ಸುಣ್ಣ ಕಂಡು ಎಷ್ಟು ಕಾಲವಾಯಿತೋ. ಸುತ್ತ ಈಗ ಒಂದಾದರೂ ಜೈನರ ಮನೆಯಿಲ್ಲವೆಂದು ಅವನು ಹೇಳಿದ. ಬಸದಿಯ ಇಕ್ಕೆಲದಲ್ಲೇ ಆ ಮನೆಗಳಿದ್ದವೆಂದು ವಾದಿಸಲು ನನಗೆ ಧೈರ್ಯ ಸಾಲದು. ಬಸದಿ ಇದ್ದಲ್ಲೆಲ್ಲ ಕೇರಿ ಇರಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ ಜೈನರ ಆದಿತೀರ್ಥವಾದ ಕೊಪಣಕ್ಕೆ, ಇಂದಿನ ಕೊಪ್ಪಳಕ್ಕೆ, ನದಿಯ ಇದೇ ದಡದಿಂದ ದಾರಿ. ಕೊಪಣದ ಹಿನ್ನೆಲೆಯನ್ನು ನೆನೆದರೆ, ಮೊರೆಯಿಟ್ಟವರ ಪಟ್ಟಿಯಲ್ಲಿ ಆನೆಗೊಂದಿ ಮೊದಲಾಗಿ ಬಂದದ್ದು ಆಕಸ್ಮಿಕವೆನಿಸುವುದಿಲ್ಲ.

ಅಲ್ಲಿಯೇ ವಿದ್ಯಾರ್ಥಿಗಳಲ್ಲಿ ಒಂದು ಚರ್ಚೆ ಹುಟ್ಟಿತು. ಹೇಮಕೂಟದ ಮೇಲೆ ಇಷ್ಟೊಂದು ಜೈನ ಗುಡಿಗಳಿರುವಾಗ ಆನೆಗುಂದಿಯ ಈ ಒಂದು ಬಸದಿಯ ಬೆನ್ನು ಹತ್ತಿದ್ದೇಕೆ ಎಂದು ಒಬ್ಬನ ಪ್ರಶ್ನೆ. ಮಾರ್ಗದರ್ಶಿಯೂ ತಲೆಯಾಡಿಸಿದ, ಹೇಮಕೂಟದವು ಜೈನ ಗುಡಿಗಳೆಂದೇ ಎಲ್ಲರೂ ಹೇಳುವುದಂತೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರವನ್ನು ಕಂಡು ಹಳೆಯ ವಿದ್ವಾಂಸರೂ ಹಾಗೆಯೇ ಭಾವಿಸಿದ್ದರು. ಆದರೆ ಅಲ್ಲಿಯ ತ್ರಿಕೂಟವೊಂದರಲ್ಲಿ ಶಾಸನವೇ ಇದೆ: ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಕಟ್ಟಿಸಿದ ಶಿವಾಲಯ ಅದು. ಬೆಳಿಗ್ಗೆ ನಾವು ದಾಟಿಬಂದ ಕಂಪ್ಲಿಯ ಹೆಸರಿನ ಜೊತೆ ಕೂಡಿಕೊಂಡಿರುವ ಕಂಪಿಲನೇ ಇವನು. ಶಿಖರದ ಆಕಾರ ಮತವನ್ನು ಹೇಳುವುದಿಲ್ಲ, ನಾಡಿನ ಶಿಲ್ಪಿಗಳ ರೂಢಿಯನ್ನು ಹೇಳುತ್ತದೆ. ಜೈನ ಅಧ್ಯಯನ ಮಾಡುವವರು ಇದನ್ನು ಇತರರಿಗಿಂತ ಮೊದಲೇ ಒಪ್ಪಿಕೊಳ್ಳಬೇಕು. ನಮ್ಮದಲ್ಲದ ಗುಡಿಯನ್ನು ನಮ್ಮದೆಂದು ಎಣಿಸಿಕೊಳ್ಳುತ್ತಿದ್ದರೆ, ನಿಜವಾಗಿ ಇರುವ ಬಸದಿಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಹಾಗೆ ತಿರುಗಿ ನೋಡದೆ ಉಳಿದದ್ದು ಕಮಲಾಪುರದ ಹತ್ತಿರದ ಗಾಣಿಗಿತ್ತಿ ಗುಡಿ. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಹರಿಗೋಲು ಹತ್ತಿ ಈಚೆಗೆ ಬಂದಾಗ ಮಾರ್ಗದರ್ಶಿಯೂ ನಮ್ಮ ಜೊತೆ ಬಂದ. ಅದು ಅವನ ಸರಹದ್ದಲ್ಲ, ಆದರೆ ಕುತೂಹಲ ಬಿಡಲಿಲ್ಲ. ಗುಡಿಯ ಮುಂದಿನ ಎತ್ತರದ ಕಂಬದಲ್ಲಿ ಶಕ 1307ರ, ಎಂದರೆ ಕ್ರಿ.ಶ. 1385ರ ಸುಮಾರಿನ ಸಂಸ್ಕೃತ ಶಾಸನವಿದೆ. ಇಮ್ಮಡಿ ಹರಿಹರನ ಮಂತ್ರಿ ಚೈಚ ದಂಡನಾಯಕನ ಮಗ ಇರುಗ, ಸಿಂಹನಂದಿ ಮುನಿಯ ಶಿಷ್ಯ, ವಿಜಯನಗರದಲ್ಲಿ ಕುಂಥು ಜಿನನಾಥನಿಗೆ ಈ ಕಲ್ಲಿನ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಸಂಸ್ಕೃತ ನಿಘಂಟು ‘ನಾನಾರ್ಥರತ್ನಮಾಲಾ’ದ ಕರ್ತೃವೂ ಇರುಗಪ ದಂಡಾಧಿನಾಥನೆಂದು ಪರಂಪರೆ. ಒಂದು ಶಬ್ದಕ್ಕೆ ಹಲವು ಅರ್ಥ ಹೇಳುವ ಕೋಶವನ್ನು ಬರೆದವನ ಗುಡಿಗೆ ಜನ ತಮ್ಮದೇ ಅರ್ಥದ ಹೆಸರಿಟ್ಟಿದ್ದಾರೆ. ಆ ಗಾಣಿಗಿತ್ತಿ ಯಾರೋ, ಈ ದೀಪಗಳಿಗೆ ಎಣ್ಣೆ ಕೊಟ್ಟವಳೋ, ಪಕ್ಕದಲ್ಲಿ ಮನೆಯಿದ್ದವಳೋ!

ರಾಜಾಂಗಣದ ಸಮೀಪದಲ್ಲಿರುವ ಇನ್ನೊಂದು ಚೈತ್ಯಾಲಯದ ಕಥೆ ಇದಕ್ಕೆ ತಿರುವುಮುರುವು. ಇಮ್ಮಡಿ ದೇವರಾಯ 1426ರಲ್ಲಿ ಪಾರ್ಶ್ವನಾಥನಿಗೆ ಕಟ್ಟಿಸಿದ ಈ ಬಸದಿ ಎಲೆ ಅಡಿಕೆ ಅಂಗಡಿಗಳ ಬೀದಿಯಲ್ಲಿದೆಯೆಂದು ಅದರ ಶಾಸನ ತಿಳಿಸುತ್ತದೆ. ದೊರೆಯೇ ಕಟ್ಟಿಸಿದ್ದಕ್ಕೂ ವಿಳಾಸ ಕೊಡಬೇಕಾದಾಗ ಸಂಸ್ಕೃತ ಕವಿಗೆ ನೆನಪಾದದ್ದು ವೀಳ್ಯದ ಅಂಗಡಿಗಳ ಸಾಲು. ಈಗ ಗೋಡೆಗಳಿವೆ, ಬೀದಿಯಿಲ್ಲ. ವಿದ್ಯಾರ್ಥಿನಿಯೊಬ್ಬಳು ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಬರಬೇಕಿತ್ತು ಎಂದಳು. ಎಲ್ಲರೂ ನಕ್ಕೆವು.

ನಗು ಬಹಳ ಹೊತ್ತು ಉಳಿಯಲಿಲ್ಲ. ವಿರೂಪಾಕ್ಷನ ಎದುರಿನ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈ 29ರಂದು ತೆರವುಗೊಳಿಸಿದ್ದು ಮಾರ್ಗದರ್ಶಿಯ ಬಂಧುಗಳಿಗೂ ತಟ್ಟಿತ್ತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಅನಂತರ ವಿರೂಪಾಪುರಗಡ್ಡೆಯ ಕಟ್ಟಡಗಳೂ ಉರುಳಿದವು. ಆ ಕಟ್ಟಡಗಳೆಲ್ಲ ಸಕ್ರಮವೆಂದು ನಾನು ವಾದಿಸಲಾರೆ. ಸ್ಮಾರಕದ ಕಲ್ಲಿಗೆ ಮೊಳೆ ಹೊಡೆದವರನ್ನು ಕಂಡು ಸಿಟ್ಟೂ ಬಂದಿದೆ. ಆದರೆ ಒಕ್ಕಲಿಲ್ಲದ ಬೀದಿಯನ್ನೇ ಶುದ್ಧ ಪರಂಪರೆಯೆಂದು ಕರೆಯುವವರು, ಚೈತ್ಯಾಲಯದ ವಿಳಾಸವಾಗಿ ವೀಳ್ಯದ ಅಂಗಡಿಯನ್ನು ಬರೆಸಿದ ದೇವರಾಯನ ಶಾಸನವನ್ನು ಒಮ್ಮೆ ಓದಬೇಕು. ಬುಕ್ಕನ ತೀರ್ಪಿನಲ್ಲಿಯೂ ಅಷ್ಟೇ: ಒಪ್ಪಿದವರ ಪಟ್ಟಿಯಲ್ಲಿ ಆಚಾರ್ಯರ ಜೊತೆಗೆ ತಿರುಕುಲ, ಜಾಂಬವಕುಲದವರೂ ಬರುತ್ತಾರೆ. ಕೇರಿಗಳೆಲ್ಲ ಕೂಡಿ ಒಪ್ಪದ ಹೊರತು ತೀರ್ಪು ನಿಲ್ಲದೆಂದು ಆ ಕಾಲದವರಿಗೆ ತಿಳಿದಿತ್ತು.

ಸಂಜೆ ಗಾಣಿಗಿತ್ತಿ ಗುಡಿಯ ಕಂಬದ ಬುಡದಲ್ಲಿ ಕುಳಿತು ಮಾರ್ಗದರ್ಶಿ ತನ್ನ ಪುಟ್ಟ ಪುಸ್ತಕವನ್ನು ನನ್ನ ಮುಂದೆ ಚಾಚಿದ. ಶಾಸನದ ಸಾರವನ್ನು ಎರಡು ನಿಮಿಷದಲ್ಲಿ ಹೇಳುವಂತೆ ಬರೆದುಕೊಡಬೇಕಂತೆ. ಇರುಗನ ಹೆಸರು, ವರ್ಷ, ಕುಂಥು ಜಿನನಾಥ ಎಂದು ಬರೆದೆ.

“ಕುಂಥು ಅಂದ್ರ ಯಾರ್ರೀ ಸರ?”

“ಹದಿನೇಳನೆಯ ತೀರ್ಥಂಕರ. ಲಾಂಛನ ಹೋತ.”

“ಹೋತ ಅಂದ್ರ ಜನ ನೆನಪಿಟ್ಕೋತಾರ್ರೀ.” ಬರೆದುಕೊಂಡ. ಆಮೇಲೆ, ನಾನು ತಲೆಬರಹದಲ್ಲಿ ಹಾಕಿದ್ದ ‘ಕುಂಥುನಾಥ ಚೈತ್ಯಾಲಯ’ದ ಪಕ್ಕದಲ್ಲಿ ತನ್ನ ಕೈಯಿಂದಲೇ ‘ಗಾಣಿಗಿತ್ತಿ ಗುಡಿ’ ಎಂದು ಸೇರಿಸಿದ. “ಆಕಿನ್ನ ಬಿಡಂಗಿಲ್ರಿ ಸರ.”

ಬಿಡಬೇಡವೆಂದೆ.