ಇರುಳಿನಲ್ಲಿ ಕದ ತೆರೆದವರು

ಗುಮ್ಮಳಾಪುರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಚಿರತೆ. ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಮ್ಮೂರಿನ ನರಭಕ್ಷಕ ಚಿರತೆಯ ಕಥೆಯಿದೆ. ಹೊತ್ತು ಮುಳುಗುತ್ತಲೇ ಮನೆಮನೆಯ ಕದ ಮುಚ್ಚುತ್ತಿದ್ದ ಆ ದಿನಗಳನ್ನು ನಾವು ಅರಿತದ್ದು ಪುಸ್ತಕದಿಂದಲ್ಲ, ಅಜ್ಜಿಯ ಬಾಯಿಂದ.

ಅಜ್ಜಿ ಊರಿನ ಸೂಲಗಿತ್ತಿ. ಎಲ್ಲರೂ ಅಗುಳಿ ಹಾಕಿಕೊಂಡ ಮೇಲೂ ಯಾರ ಮನೆಯಲ್ಲಾದರೂ ನೋವು ಕಾಣಿಸಿಕೊಂಡರೆ, ಗಂಡಸರು ಪಂಜು ಹಿಡಿದು, ತಮಟೆ ಬಡಿಯುತ್ತ ಬಂದು ಕರೆದೊಯ್ಯುತ್ತಿದ್ದರಂತೆ. ಹೆದರಿಕೆಯಾಗಲಿಲ್ಲವೇ ಎಂದು ನಾವು ಕೇಳಿದರೆ, "ಹುಟ್ಟೋ ಕೂಸು ಚಿರತೆ ಅಪ್ಪಣೆ ಕೇಳ್ತದಾ?" ಎಂದು ನಗುತ್ತಿದ್ದರು.

ಅಷ್ಟೊಂದು ಹೆರಿಗೆ ಮಾಡಿಸಿದ ಆ ಕೈ ಹೆತ್ತ ಮಗಳನ್ನೇ ಉಳಿಸಿಕೊಳ್ಳಲಾರದೆ ಹೋಯಿತು. ಆಸ್ಪತ್ರೆಗೆ ಹೋಗೋಣವೆಂದರೆ ನಮ್ಮ ಸೋದರತ್ತೆ ಒಪ್ಪಲಿಲ್ಲ. ಗಂಡಸು ಡಾಕ್ಟರರ ಮುಂದೆ ಮಲಗಲಾರೆನೆಂದು ಹಟ ಹಿಡಿದರು. ಕೊನೆಗೆ ಗಾಡಿ ಕಟ್ಟುವ ಹೊತ್ತಿಗೆ ಕಾಲ ಮಿಂಚಿತ್ತು. "ಅಲ್ಲಿ ಒಬ್ಬಳಾದರೂ ಹೆಣ್ಣು ಡಾಕ್ಟರು ಇದ್ದಿದ್ದರೆ" ಎಂಬ ಮಾತನ್ನು ಅಜ್ಜಿ ಸಾಯುವವರೆಗೂ ಬಿಡಲಿಲ್ಲ.

2020ರ ಅಕ್ಟೋಬರ್ 18ರಂದು ಬೆಂಗಳೂರಿನಲ್ಲಿ ತೀರಿಕೊಂಡ ಡಾ. ವಿಜಯಲಕ್ಷ್ಮಿ ರಮಣನ್ ಅವರ ಬಾಳನ್ನು ಪತ್ರಿಕೆಯಲ್ಲಿ ಓದಿದಾಗ ನಮಗೆ ಆ ಮಾತೇ ಮರುಕಳಿಸಿತು. ಅವರು 1924ರಲ್ಲಿ ಜನಿಸಿದವರು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿ ಪ್ರಸೂತಿ ತಜ್ಞೆಯಾದವರು. 1955ರಲ್ಲಿ ಸೇನಾ ವೈದ್ಯಕೀಯ ದಳವನ್ನು ಸೇರಿ, ಅಲ್ಲಿಂದ ವಾಯುಪಡೆಗೆ ನಿಯೋಜಿತರಾಗಿ, ಭಾರತೀಯ ವಾಯುಪಡೆಯ ಮೊದಲ ಮಹಿಳಾ ಅಧಿಕಾರಿಯೆನಿಸಿದರು. ಗಂಡಸರೇ ತುಂಬಿದ್ದ ಆ ಪಡೆಯಲ್ಲಿ ಅವರ ಸಮವಸ್ತ್ರ ಸೀರೆ. 1962ರಿಂದ 1971ರವರೆಗಿನ ಯುದ್ಧಗಳಲ್ಲಿ ಗಾಯಗೊಂಡ ಯೋಧರನ್ನು ಉಪಚರಿಸಿದರು. ಸೈನಿಕರ ಮಡದಿಯರ ಹೆರಿಗೆಯನ್ನೂ ನೋಡಿಕೊಂಡರು. 1972ರಲ್ಲಿ ವಿಂಗ್ ಕಮಾಂಡರ್ ಪದವಿ, 1977ರಲ್ಲಿ ವಿಶಿಷ್ಟ ಸೇವಾ ಪದಕ ಅವರದಾಯಿತು. 1979ರಲ್ಲಿ ನಿವೃತ್ತರಾದರು.

ಯುದ್ಧವೆಂದರೆ ಬಂದೂಕು ಹಿಡಿದವರ ಕಥೆಯೆಂದೇ ನಾವು ಬಗೆದಿದ್ದೆವು. ಆದರೆ ಗಾಯಾಳುವಿನ ಮಗ್ಗುಲಲ್ಲಿ ರಾತ್ರಿ ಕಳೆದ ಹೆಂಗಸರ ಕಥೆ ದೇಶದೇಶಗಳಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ 500ಕ್ಕೂ ಹೆಚ್ಚು ದಾದಿಯರು ಕಡಲು ದಾಟಿ ಬಂದು ಭಾರತದ ಸೈನಿಕ ಆಸ್ಪತ್ರೆಗಳಲ್ಲಿ ದುಡಿದರು. ನಮ್ಮ ಚಿತ್ರದುರ್ಗದ ಓಬವ್ವ ಯಾವ ಪಡೆಯ ಪಟ್ಟಿಯಲ್ಲಿದ್ದಳು? ಕಾವಲುಗಾರನ ಹೆಂಡತಿ; ಕೈಗೆ ಸಿಕ್ಕಿದ್ದು ಒನಕೆ. ಜನ ಅವಳ ಹೆಸರನ್ನು ನಾಲಿಗೆಯ ಮೇಲೆ ಉಳಿಸಿಕೊಂಡದ್ದರಿಂದ ಅವಳು ಇಂದಿಗೂ ನಮ್ಮವಳು.

ಈ ಸಂಚಿಕೆಗೆ ಬರೆಯಲು ಕುಳಿತಾಗ ನಮಗೊಂದು ಸತ್ಯ ತಿಳಿದು ನಾಚಿಕೆಯಾಯಿತು. ಅಜ್ಜಿಯ ಹೆಸರು ನಮಗೆ ಗೊತ್ತಿಲ್ಲ! ನಮಗೆ ಅವರು ಅಜ್ಜಿ, ಊರಿಗೆ ಸೂಲಗಿತ್ತಮ್ಮ. ಮನೆಯ ಹಳೆಯ ಪತ್ರಗಳನ್ನೆಲ್ಲ ಬಿಚ್ಚಿ ನೋಡಿದೆವು. ಇದ್ದದ್ದು ತಾತನ ಹೆಸರು, ಅದರ ಮುಂದೆ 'ಹೆಂಡತಿ' ಎಂಬ ಒಂದು ಪದ. ಒಡಹುಟ್ಟಿದವರು ಆಡುವ ಹೆಸರು ಒಬ್ಬೊಬ್ಬರದು ಒಂದೊಂದು.

ವಿಜಯಲಕ್ಷ್ಮಿಯವರ ಸೇವೆಗೆ ದಾಖಲೆಯಿದೆ, ಪದಕವಿದೆ. ಅಜ್ಜಿಯ ಸೇವೆಗೆ ಇರುವ ದಾಖಲೆಯೆಂದರೆ ಅವರ ಕೈಯಲ್ಲಿ ಹುಟ್ಟಿದ ಮಕ್ಕಳು. ಗಡಿಯ ಈಚೆ ಕನ್ನಡ ಉಳಿಯಬೇಕೆಂದು ನಾವು ಸಭೆ ಸೇರುತ್ತೇವೆ. ಆ ಕನ್ನಡದಲ್ಲಿ ಮೊದಲು ಬರೆದಿಡಬೇಕಾದದ್ದು ಇಂಥ ಹೆಸರುಗಳನ್ನೇ ಅಲ್ಲವೇ? ಗುಮ್ಮಳಾಪುರದಲ್ಲಿ ಆ ಕೈಗಳಿಗೆ ಹುಟ್ಟಿದವರು, ಅವರ ಮಕ್ಕಳು ಈ ಸಂಘದಲ್ಲಿ ಇದ್ದೇ ಇರುತ್ತಾರೆ. ನಮ್ಮ ಅಜ್ಜಿಯ ಹೆಸರನ್ನು ಬಲ್ಲವರು ದಯಮಾಡಿ ನಮಗೆ ತಿಳಿಸಬೇಕೆಂದು ಕೈಮುಗಿದು ಕೋರುತ್ತೇವೆ.