ಮೂವತ್ತೈದು ಡಿಗ್ರಿ ಬಾಕಿ

ಗಾಳಿಗೆ ಬಾಗಿಲು ಬಡಿದು ನನ್ನ ಬಲಗೈ ನಡುಬೆರಳಿನ ತುದಿ ಹೋಯ್ತು. ಡಾಕ್ಟರು ಬೆರಳನ್ನು ಮಡಚಿ, ತುದಿಯನ್ನು ಹೆಬ್ಬೆರಳ ಬುಡದ ಚರ್ಮಕ್ಕೆ ಹೊಲಿದ್ರು. ಹೊಸ ಚರ್ಮ ಕಚ್ಚಿಕೊಳ್ಳೋಕೆ ಎರಡು ವಾರ, ಆಮೇಲೆ ಬಿಡಿಸಿದ್ರು. ತುದಿ ಬಂತು, ಬೆರಳು ಮಾತ್ರ ನೆಟ್ಟಗಾಗಲಿಲ್ಲ!

ವಿಚಿತ್ರ ಅಂದ್ರೆ, ಬಿಗಿದುಕೊಂಡಿದ್ದು ಪೆಟ್ಟೇ ಬೀಳದ ನಡುವಿನ ಗೆಣ್ಣು. ಕೀಲನ್ನು ಮಡಚಿಯೇ ಇಟ್ರೆ ಅದರ ಅಂಗೈ ಕಡೆಯ ಪದರ ಕುಗ್ಗಿಬಿಡುತ್ತಂತೆ. ಫಿಸಿಯೋ ಮೇಡಂ ಗೋನಿಯೋಮೀಟರ್ ಇಟ್ಟು ಅಳೆದ್ರು: ನೆಟ್ಟಗಾಗೋಕೆ ಇನ್ನೂ 35 ಡಿಗ್ರಿ. ಬೆರಳೊಳಗೆ ಅದನ್ನು ಆಡಿಸೋ ಸ್ನಾಯುವೇ ಇಲ್ಲ. ಅಂಗೈ, ಮುಂಗೈಯಲ್ಲಿರೋ ಸ್ನಾಯುಗಳು ಹಗ್ಗದ ಥರ ಎಳೀತಾವೆ. ಮೆಕ್ಯಾನಿಕಲ್‌ನವರಿಗೆ ಇಷ್ಟ ಆಗೋ ವಿನ್ಯಾಸ.

ಬುಡದ ಗೆಣ್ಣನ್ನು ಎಡಗೈಲಿ ಅಲುಗದ ಹಾಗೆ ಹಿಡಿದು, ನಡುವಿನದೊಂದನ್ನೇ ಮಡಚೋದು, ಬಿಚ್ಚೋದು. ಸಲಕ್ಕೆ ಹತ್ತು, ದಿನಕ್ಕೆ ಐದಾರು ಸಲ. ರಾತ್ರಿ ಸ್ಪ್ಲಿಂಟ್. ನೋವು ಹೇಗೋ ತಡ್ಕೋಬಹುದು, ಬೇಜಾರು ತಡ್ಕೊಳ್ಳೋದೇ ಕಷ್ಟ. ವಾರಕ್ಕೆ ಮೂರ್ನಾಲ್ಕು ಡಿಗ್ರಿ ಸಿಕ್ರೆ ಪುಣ್ಯ, ಕೆಲವು ವಾರ ಅದೂ ಇಲ್ಲ. ಅಮ್ಮ ಫೋನಲ್ಲಿ ಮಾರ್ಕ್ಸ್ ಕೇಳೋ ಥರಾನೇ ಕೇಳ್ತಾರೆ, “ಎಷ್ಟಾಯ್ತು ಪುಟ್ಟಾ?”

ನನಗೆ ಚಿಂತೆ ಇದ್ದಿದ್ದು ಕೊಳಲಿಂದು. ಡೊಂಕು ಬೆರಳು ತೂತನ್ನು ಪೂರ್ತಿ ಮುಚ್ಚಲ್ಲ. ಹೊಸ ತುದಿಗೆ ಸ್ಪರ್ಶವೂ ಮಂಕು. ಮುಚ್ಚಿದೆಯೋ ಇಲ್ವೋ ಅಂತ ಕಿವಿಯಿಂದಲೇ ತಿಳೀಬೇಕು. ಈಗ 12 ಡಿಗ್ರಿ ಬಾಕಿ. ಕೆಳಗಿನ ಸ್ವರಗಳಲ್ಲಿ ಗಾಳಿ ಇನ್ನೂ ಸ್ವಲ್ಪ ಸೋರುತ್ತೆ.